ಸ್ಕ್ಯಾನಿಂಗಿಗೆ ಹೊರಟ ಸೂಜಿ

ಲೋಹ ಪತ್ತೆ ಮಾಡುವ ಕೋಲು ದರ್ಜಿಯ ಕೊರಳ ಹತ್ತಿರ ಬಂದದ್ದೇ ತಡ, ಕುಂಯ್ ಎಂದು ಕೂಗಿತು. ಎಂಆರ್‌ಐ ಕೋಣೆಯ ಬಾಗಿಲಲ್ಲೇ ಅವನನ್ನು ನಿಲ್ಲಿಸಿಕೊಂಡಿದ್ದ ಟೆಕ್ನಿಷಿಯನ್ ಹುಡುಗಿ ಕೋಲನ್ನು ಇನ್ನೊಮ್ಮೆ ಆಡಿಸಿದಳು. ಮತ್ತೆ ಕುಂಯ್.

"ಚೈನು ಗೀನು ಏನಾದ್ರೂ ಇದೆಯಾ ಅಂಕಲ್?"

"ಏನೂ ಇಲ್ಲಮ್ಮ. ಉಂಗುರ, ವಾಚು, ಬೆಲ್ಟು ಎಲ್ಲಾ ಮನೆಯವಳ ಕೈಗೆ ಕೊಟ್ಟಾಯ್ತು. ಬಾಯಲ್ಲಿರೋ ಹಲ್ಲೂ ನಂದೇ."

"ಮತ್ಯಾಕೆ ಕೂಗ್ತಿದೆ? ಒಳಗಿರೋದು ಭಾರಿ ಅಯಸ್ಕಾಂತ. ಒಂದು ಗುಂಡುಪಿನ್ನಿದ್ರೂ ಹಾರಿಹೋಗುತ್ತೆ."

ದರ್ಜಿಯ ಮುಖ ಬಿಳಿಚಿಕೊಂಡಿತು. ಮೊದಲೇ ಅವನ ಜೀವದಲ್ಲಿ ಜೀವ ಇರಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದಾಗಲೆಲ್ಲ ಪಿಎಸ್‌ಎ ಎಂಬ ಅಂಶ ಏರುತ್ತಲೇ ಇತ್ತು. ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಇರಬಹುದೇ ಎಂದು ಈ ಹೊಸ ಸ್ಕ್ಯಾನಿನಲ್ಲಿ ನೋಡೋಣ, ಅನುಮಾನದ ಜಾಗ ಕಂಡರೆ ಮಾತ್ರ ಅಲ್ಲಿಂದಲೇ ಚೂರು ತೆಗೆದು ಪರೀಕ್ಷೆಗೆ ಕಳಿಸೋಣ ಎಂದಿದ್ದರು ಡಾಕ್ಟರು. ಆವತ್ತಿನಿಂದ ಅವನ ಕತ್ತರಿ ನೆಟ್ಟಗೆ ಓಡಿರಲಿಲ್ಲ. ಒಬ್ಬ ಗಿರಾಕಿಯ ಅಂಗಿಗೆ ಎರಡೂ ಎಡಗೈ ತೋಳನ್ನೇ ಹೊಲಿದಿಟ್ಟಿದ್ದ. ಈಗ ಈ ಕೋಲು ಬೇರೆ ಕೊರಳ ಹತ್ತಿರ ಕೂಗುತ್ತಿದೆ. ರೋಗ ಅಲ್ಲಿಯ ತನಕ ಏರಿಬಿಟ್ಟಿತೇ ಎಂದುಕೊಂಡ.

ಗಂಡನ ಸಾಮಾನನ್ನೆಲ್ಲ ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದ ಹೆಂಡತಿ ಎದ್ದು ಬಂದಳು. "ರೀ, ಬಟ್ಟೆ ಬದಲಾಯಿಸೋ ರೂಮಲ್ಲಿ ಅಷ್ಟು ಹೊತ್ತು ಏನ್ ಮಾಡ್ತಿದ್ರಿ?"

"ಏನಿಲ್ಲ ಕಣೇ. ಈ ಗೌನಿನ ದಾರ ಕಿತ್ತುಹೋಗಿತ್ತು. ಹಿಂದುಗಡೆ ಪೂರ್ತಿ ಬಯಲು. ಮರ್ಯಾದೆ ಬೇಡ್ವಾ? ಎರಡು ಹೊಲಿಗೆ ಹಾಕ್ಕೊಂಡೆ."

"ಯಾವುದರಲ್ಲಿ?"

ದರ್ಜಿಯ ಕೈ ತಾನಾಗಿ ಕೊರಳಿಗೆ ಹೋಯಿತು. ಹೊಲಿದು ಮುಗಿದ ಮೇಲೆ ಸೂಜಿಯನ್ನು ಕಾಲರಿಗೆ ಚುಚ್ಚಿಕೊಳ್ಳುವುದು ಅವನ ಕೈಗೆ ಅಂಟಿದ ಚಾಳಿ. ಅಂಗಿಯ ಕಾಲರಿನಿಂದ ತೆಗೆದ ಸೂಜಿ, ನೀಲಿ ದಾರದ ಬಾಲದ ಸಮೇತ, ಈಗ ಆಸ್ಪತ್ರೆಯ ಗೌನಿನ ಕೊರಳಂಚಿನಲ್ಲಿ ಆರಾಮಾಗಿ ಕೂತಿತ್ತು.

"ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರಲ್ಲ, ಸುಳ್ಳಲ್ಲ ನೋಡಮ್ಮ," ಎಂದು ಹೆಂಡತಿ ನಗತೊಡಗಿದಳು.

"ಇದು ನಗೋ ವಿಷಯ ಅಲ್ಲ ಆಂಟಿ," ಎಂದು ಗದರಲು ಹೊರಟ ಹುಡುಗಿಗೂ ನಗು ತಡೆಯಲಾಗಲಿಲ್ಲ. ಸೂಜಿಯನ್ನು ಕಿತ್ತು ಹೆಂಡತಿಯ ಕೈಗೆ ಕೊಟ್ಟು, ಬೇರೆ ಗೌನು ತಂದುಕೊಟ್ಟಳು. ದರ್ಜಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಇದರ ದಾರಾನೂ ಕಿತ್ತಿದೆಯಲ್ಲಮ್ಮ."

"ಕಿತ್ತಿರ್ಲಿ, ನಡೀರಿ," ಎಂದರು ಹೆಂಗಸರಿಬ್ಬರೂ ಒಟ್ಟಿಗೆ.

ಅವನು ಒಳಗೆ ಹೋದ. ಬಾಗಿಲು ಮುಚ್ಚಿತು. ಹಳೇ ಹೊಲಿಗೆ ಮಿಷನ್ನುಗಳನ್ನೆಲ್ಲ ಸಾಲಾಗಿಟ್ಟು ಒಟ್ಟಿಗೆ ತುಳಿದಂತೆ ಗಡಗಡ ಸದ್ದು ಹೊರಗಿನ ತನಕ ಕೇಳಿಸತೊಡಗಿತು. ಬೆಂಚಿನ ಮೇಲೆ ಒಬ್ಬಳೇ ಕೂತ ಹೆಂಡತಿಯ ಮುಖದಲ್ಲಿ ಈಗ ನಗು ಇರಲಿಲ್ಲ. ಗಂಡನ ಮುಂದೆ ಇಷ್ಟು ದಿನ ತಮಾಷೆ ಮಾಡಿಕೊಂಡೇ ಕಾಲ ತಳ್ಳಿದ್ದಳು. ಅವನ ವಾಚನ್ನು ತನ್ನ ಕೈಗೆ ಕಟ್ಟಿಕೊಳ್ಳಲು ನೋಡಿದಳು. ಎರಡು ಸಲ ನೋಡಿದರೂ ಕೊಂಡಿ ಸಿಕ್ಕಲಿಲ್ಲ. ಅವಳಿಗೆ ತುಂಬಾ ಹೆದರಿಕೆಯಾಗಿತ್ತು.

ಮಧ್ಯಾಹ್ನ ಡಾಕ್ಟರು ಇಬ್ಬರನ್ನೂ ಕರೆಸಿ ಕಂಪ್ಯೂಟರಿನ ಪರದೆಯನ್ನು ಅವರತ್ತ ತಿರುಗಿಸಿದರು. ಬೂದು ಬಣ್ಣದ ಚಿತ್ರಗಳು ಒಂದಾದ ಮೇಲೊಂದು ಸರಿದವು.

"ವಯಸ್ಸಾಯ್ತಲ್ಲ, ಗ್ರಂಥಿ ದಪ್ಪ ಆಗಿದೆ. ಪಿಎಸ್‌ಎ ಏರಿದ್ದೂ ಅದಕ್ಕೇ ಅನ್ಸುತ್ತೆ. ಕ್ಯಾನ್ಸರ್ ಅಂತ ಅನುಮಾನ ಪಡೋ ಜಾಗ ಒಂದೂ ಕಾಣ್ತಿಲ್ಲ. ಈಗ ಚೂರು ತೆಗೆಯೋದೇನೂ ಬೇಡ. ಆಗಾಗ ರಕ್ತ ಪರೀಕ್ಷೆ ಮಾಡಿಸ್ಕೊಂಡು ಬನ್ನಿ, ಸಾಕು."

ಹೆಂಡತಿ ಕುರ್ಚಿಯ ಅಂಚಿಗೆ ಸರಿದಳು.

"ಇನ್ನೊಂದ್ಸಲ ಹೇಳಿ ಡಾಕ್ಟ್ರೇ."

ಡಾಕ್ಟರು ಪರದೆಯ ಮೇಲೆ ಬೆರಳಿಟ್ಟು ತೋರಿಸುತ್ತಾ, ಈ ಸಲ ನಿಧಾನವಾಗಿ, ಅಷ್ಟನ್ನೂ ಹೇಳಿದರು.

"ಇನ್ನೊಂದೇ ಒಂದ್ಸಲ."

"ಎಲ್ಲಿ ಅರ್ಥ ಆಗ್ಲಿಲ್ಲ ಹೇಳಿ ಅಮ್ಮ?"

"ಮೊದಲನೇ ಸಲಕ್ಕೇ ಎಲ್ಲಾ ಅರ್ಥ ಆಯ್ತು," ಎಂದಳು ಅವಳು, ಅಂಗೈಯಲ್ಲಿ ಕಣ್ಣೊರೆಸಿಕೊಳ್ಳುತ್ತಾ. "ಕೇಳೋಕೆ ಚೆನ್ನಾಗಿದೆ. ಅದಕ್ಕೆ."

ಹೊರಗೆ ಸಾಲಿನಲ್ಲಿ ಜನ ಕಾಯುತ್ತಿದ್ದರು. ಡಾಕ್ಟರು ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು, ಮೊದಲಿನಿಂದ ಹೇಳತೊಡಗಿದರು.