ಸಾಹೇಬರ ಕೊಡೆ

"ಹುಡುಕಿ ಸಾರ್. ಕಕ್ಕಸನ್ನೂ ಬಿಡಬೇಡಿ," ಎಂದ ಇನ್ಸ್‌ಪೆಕ್ಟರ್, ಕುರ್ಚಿಯಿಂದ ಏಳದೆಯೇ.

ಕೋರ್ಟು ಕಳಿಸಿದ ವಕೀಲ ಸಾಹೇಬರು ಬಾಗಿಲಲ್ಲಿ ನಿಂತಿದ್ದ ಪೇದೆಯ ಕಡೆ ಕೊಡೆ ಚಾಚಿದರು. ಮುಖ ನೋಡಲಿಲ್ಲ. ಪೇದೆಗೂ ಒಂದು ಮುಖ ಇರುತ್ತದೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ವೆಲ್ಡಿಂಗ್ ಅಂಗಡಿಯವನನ್ನು ಪೊಲೀಸರು ಎತ್ತಿಕೊಂಡು ಹೋಗಿ ವಾರವಾಗಿತ್ತು. ಕೇಸಿಲ್ಲ, ಕಾಗದವಿಲ್ಲ. ಅವನ ತಾಯಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದ್ದಳು. ಮಗ ಠಾಣೆಯಲ್ಲಿದ್ದರೆ ಇಂದೇ ಕರೆತನ್ನಿ ಎಂದು ನ್ಯಾಯಾಧೀಶರು ಸಾಹೇಬರನ್ನು ಅಟ್ಟಿದ್ದರು. ಆಕೆಯನ್ನು ಮಾತ್ರ ಒಳಗೆ ಬಿಟ್ಟಿರಲಿಲ್ಲ. ಗೇಟಿನ ಹೊರಗೆ ಬಿಸಿಲಲ್ಲಿ ನಿಂತಿದ್ದಳು.

"ರಾಜರನ್ನೇ ಬಗ್ಗಿಸಿದ ಕಾನೂನು ಕಣ್ರೀ ಇದು. ಶತಮಾನಗಳ ಇತಿಹಾಸ ಇದೆ," ಎಂದರು ಸಾಹೇಬರು.

"ಇರಬಹುದು ಸಾರ್. ಆಗಲೂ ರಾಜನ ಕಡೆಯವರು ಕೈದಿಗಳನ್ನ ಹಡಗು ಹತ್ತಿಸಿ ದೂರದ ದ್ವೀಪಕ್ಕೆ ಸಾಗಿಸ್ತಿದ್ರಂತೆ. ಟ್ರೇನಿಂಗಲ್ಲಿ ಕಲಿತದ್ದು ಅದೊಂದೇ ನೆನಪಿದೆ. ಆಳು ಸಿಕ್ಕಿದರೆ ತಾನೇ ನಿಮ್ಮ ಕಾನೂನು?"

ಸಾಹೇಬರು ವೆಲ್ಡಿಂಗ್ ಅಂಗಡಿಯವನ ಗಡ್ಡದ ಮುಖದ ಫೋಟೋ ಹಿಡಿದು ಲಾಕಪ್ ನೋಡಿದರು. ಗೊರಕೆ ಹೊಡೆಯುವ ಒಬ್ಬ ಕುಡುಕ. ಅಡುಗೆಕೋಣೆ, ಉಗ್ರಾಣ, ಮಂಚದ ಅಡಿ ಎಲ್ಲ ಆಯಿತು. ಪೇದೆ ಕೊಡೆ ಅವಚಿಕೊಂಡು ಒಂದೊಂದೇ ಬಾಗಿಲು ತಳ್ಳಿದ. ಗಲ್ಲದ ಮೇಲೆ ಬ್ಲೇಡಿನ ಹಸಿ ಗೀರು. ಮುಂಗೈ ತುಂಬ ಸುಟ್ಟ ಚುಕ್ಕೆ. ಭುಜದಿಂದ ಜಾರುವ ಖಾಕಿ ಅಂಗಿ. ಕಾಲಲ್ಲಿ ಬೂಟಿಲ್ಲ.

"ಏನ್ರೀ ಇವನ ಅವತಾರ?" ಎಂದರು ಸಾಹೇಬರು, ಇನ್ಸ್‌ಪೆಕ್ಟರ್ ಕುರ್ಚಿಯ ಬಳಿ ಬಂದು.

"ಹೊಸಬ ಸಾರ್. ಲೇ, ಬಾಯಿ ಮುಚ್ಕೊಂಡು ಕೆಲಸ ಮಾಡು. ಮನೇಲಿ ಅಮ್ಮ ಇದ್ದಾಳೆ ಅನ್ನೋದು ತಲೇಲಿರಲಿ."

ಅರ್ಧ ಗಂಟೆಗೆ ಸಾಹೇಬರಿಗೆ ಸಾಕಾಯಿತು. 'ಆಳು ಇಲ್ಲ' ಎಂದು ಗೀಚಿಕೊಂಡರು. ಕಾರು ಗೇಟಿನಾಚೆ ಇತ್ತು.

"ಕೊಡೆ ಬಿಚ್ಚಯ್ಯಾ. ಕಾರಿನ ತನಕ ಬಾ."

ಇನ್ಸ್‌ಪೆಕ್ಟರ್ ಮೊದಲ ಸಲ ಕುರ್ಚಿ ಬಿಟ್ಟೆದ್ದ. "ಅವನು ಬೇಡ ಸಾರ್, ನಾನೇ ಹಿಡೀತೀನಿ."

"ನೀವು ಯಾಕ್ರೀ? ಇವನಿದ್ದಾನಲ್ಲ ದಂಡಕ್ಕೆ."

ಸ್ವಂತ ಕೊಡೆ ಹಿಡಿದು ಸಾಹೇಬರಿಗೆ ಅಭ್ಯಾಸವಿರಲಿಲ್ಲ. ಬೆಲ್ಟಿಲ್ಲದ ಪ್ಯಾಂಟನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದರಲ್ಲಿ ಅವರಿಗೆ ನೆರಳು ಮಾಡುತ್ತಾ ಪೇದೆ ಗೇಟು ದಾಟಿದ. ಹಿಂದೆಯೇ ಇನ್ಸ್‌ಪೆಕ್ಟರ್ ಓಡಿಬಂದ.

"ಇಡೀ ಠಾಣೆ ಜಾಲಾಡಿದೆ ಕಣಮ್ಮಾ," ಎಂದರು ಸಾಹೇಬರು. "ನಿನ್ನ ಮಗ ಇಲ್ಲಿಲ್ಲ."

ಆಕೆ ಅವರತ್ತ ನೋಡಲೂ ಇಲ್ಲ.

"ಗಡ್ಡ ಯಾರೋ ಬೋಳಿಸಿದ್ದು, ಮಗನೇ?" ಎಂದಳು ಪೇದೆಯ ಗಲ್ಲ ಹಿಡಿದು. "ಆ ಕೊಡೆ ಅವರ ಕೈಗೇ ಕೊಟ್ಟು ಮನೆಗೆ ನಡಿ."