ಹಾಜಿ ಮನೆಯ ಆಕಳಿಕೆ

ಹಾಜಿ ಮೌಜೂದರ ಮನೆತನದ ಚರಿತ್ರೆಯಲ್ಲೇ ಅತ್ಯಂತ ಗಂಭೀರವಾದ ಘಟನೆ ಒಂದು ಗುರುವಾರ ಸಂಜೆ ನಡೆಯಿತು. ಅವರ ಮೊಮ್ಮಗ ಆಕಳಿಸಿದ.

ಆಕಳಿಸಿದ್ದು ಮನೆಯಲ್ಲಲ್ಲ. ತಹ್ತೀಬ್ ಎಂಬ ಕೋಲುವರಸೆಯ ಕಣದ ನಟ್ಟನಡುವೆ, ಡೋಲು ಬಡಿಯುತ್ತಿರುವಾಗ, ಕೋಲೆತ್ತಿ ಎದುರಾಳಿಗೆ ವಂದಿಸುವ ಹೊತ್ತಿನಲ್ಲಿ. ರಿಫಾಯಿಗೆ ಹದಿನಾರು, ಆರನೆಯ ವಯಸ್ಸಿನಿಂದ ಕೋಲು ಹಿಡಿದವನು. ತಹ್ತೀಬ್‌ನಲ್ಲಿ ಹೊಡೆಯುವಂತಿಲ್ಲ. ಕಾವಲು ತಪ್ಪಿಸಿ ಎದುರಾಳಿಯ ತಲೆಗೆ ಕೋಲನ್ನು ಮೆಲ್ಲಗೆ ತಾಗಿಸಿದರೆ ಗೆದ್ದಂತೆ. ಆ ಆಕಳಿಕೆ ಮುಗಿಯುವುದರೊಳಗೆ ರಿಫಾಯಿಯ ತಲೆಗೆ ಮೂರು ಸಲ ಕೋಲು ತಾಗಿತ್ತು. "ಚೆನ್ನಾಗಿ ಆಡಿದೆ" ಎಂದು ಎದುರಾಳಿಗೆ ಹೇಳಿ ಅವನು ಮನೆ ಕಡೆ ಓಡಿದ.

ಮರುದಿನ ಹಾಜಿ ಕ್ಷೌರಿಕ ಶೆನೂದಾನ ಕುರ್ಚಿಯಲ್ಲಿ ಕೂತು ತೀರ್ಪು ಕೊಟ್ಟರು.

"ಹುಡುಗಿ ಕಣೋ. ಯಾವಳೋ ಗಂಟುಬಿದ್ದಿದ್ದಾಳೆ."

"ಹೇಗೆ ಹೇಳ್ತೀರಿ ಹಾಜಿ?"

"ಬೆಳಕು ಹರಿಯೋಕೆ ಮುಂಚೆ ಎದ್ದುಬಿಡ್ತಾನೆ. ಕಣ್ಣು ಕೆಂಪಗಿರುತ್ತೆ; ಅತ್ತಿರ್ತಾನೆ. ತೋಳ ಮೇಲೆ ಬೆಳ್ಳಗೆ ಪುಡಿ. ಸುಣ್ಣದ ಗೋಡೆ ಹತ್ತಿರ್ತಾನೆ. ಮಣಿಕಟ್ಟಲ್ಲಿ ಬೊಬ್ಬೆ, ಅವಳಪ್ಪ ಸಿಗರೇಟಲ್ಲಿ ಸುಟ್ಟಿರ್ತಾನೆ."

"ಸಿಗರೇಟಿಗೆ ಸಿಗೋಷ್ಟು ಹತ್ತಿರ ಹೋದೋನನ್ನ ಅವಳಪ್ಪ ಅಷ್ಟಕ್ಕೇ ಬಿಟ್ನಾ?"

"ನೀನು ಸುಮ್ನೆ ಗಡ್ಡ ಕೆರಿ."

ವಿಷಯ ತಮಾಷೆಯದಲ್ಲ. ಇನ್ನು ಮೂರು ವಾರಕ್ಕೆ ಶೇಖ್ ಮರ್ಜೂಕರ ಉರುಸು. ಅಂದು ಕಣ ತೆರೆಯುವ ಮೊದಲ ಕೋಲು ಮೂರು ತಲೆಮಾರಿನಿಂದ ಹಾಜಿ ಮನೆಯದು. ಈ ಸಲ ವಹ್ದಾನ್ ಮನೆಯವರು ಸವಾಲು ಹಾಕಿದ್ದರು. ರಿಫಾಯಿ ಸೋತರೆ ಆ ಮರ್ಯಾದೆ ಅವರ ಪಾಲು. ಹಾಜಿಯ ಬದುಕಿನಲ್ಲಿ ಉಳಿದಿದ್ದೇ ಅದೊಂದು.

ಅವರ ಊಟ, ನಿದ್ದೆ, ಸಿಟ್ಟು ಎಲ್ಲವೂ ಕೋಲುಗಳಿದ್ದ ಮುಂಗೋಣೆಯಲ್ಲೇ ನಡೆಯುತ್ತಿದ್ದವು. ಒಳಮನೆಯ ಪರದೆ ದಾಟಿ ಅವರಿಗೆ ವರ್ಷಗಳಾಗಿದ್ದವು. "ಏ ಉಮ್ಮು ಫರ್ಗಲಿ, ಕಾಫಿ!" ಎಂದು ಹೆಂಡತಿಗೆ ಕೂಗಿದರೆ, ಪರದೆ ಸರಿಸಿ ರಿಫಾಯಿ ಕಾಫಿ ತಂದಿಡುತ್ತಿದ್ದ. ಹಾಗೆ ತಂದಾಗ ಒಮ್ಮೆ ಹಾಜಿ ತಡೆದು ಕೇಳಿದರು.

"ನಿಜ ಹೇಳೋ. ಕೋಲಿನ ಮೇಲೆ ಮನಸ್ಸಿಲ್ವಾ?"

"ಇಲ್ಲ ತಾತ."

"ಮತ್ತೆ ಯಾವುದರ ಮೇಲಿದೆ?"

"ಒಲೆ ಮೇಲೆ ಹಾಲಿದೆ ತಾತ, ಉಕ್ಕುತ್ತೆ" ಎಂದು ಒಳಗೆ ಓಡಿದ. ಮಾತು ತಪ್ಪಿಸುವುದರಲ್ಲೂ ಪಳಗಿದ್ದಾನೆ ಎಂದು ಹಾಜಿ ಲೆಕ್ಕ ಹಾಕಿದರು.

ಮದ್ದು ಅವರಿಗೆ ಗೊತ್ತಿತ್ತು. ರಕ್ತ ಕುದಿಯಬೇಕು. ರಕ್ತ ಕುದಿಯಲು ಯಾರಾದರೂ ಮನೆ ಬಾಗಿಲಿಗೇ ಬಂದು ಹುಡುಗನನ್ನು ಬೈಯಬೇಕು. ಬೈಯುವವನು ಕೋಲಿನಲ್ಲಿ ಗಟ್ಟಿಗನಾಗಿರಬೇಕು, ಇಲ್ಲದಿದ್ದರೆ ಬೈಗುಳಕ್ಕೆ ತೂಕವಿರುವುದಿಲ್ಲ. ನೆರೆಯೂರಿನ ಹಸಬುಲ್ಲಾನನ್ನು ಒಪ್ಪಿಸಿ ಕಳಿಸಿ, ತಾವು ಶೆನೂದಾನ ಅಂಗಡಿಯಲ್ಲಿ ಕಾದು ಕೂತರು. ಮೂರು ಗಂಟೆಯ ಮೇಲೆ ಹಸಬುಲ್ಲಾ ಹಲ್ಲಿಗೆ ಕಡ್ಡಿ ಹಾಕುತ್ತ ಬಂದ.

"ಬೈದ್ಯಾ?"

"ಬಾಯಿ ತೆಗೆದೆ ಹಾಜಿ. ತೆಗೆದ ಬಾಯಿಗೆ ರೊಟ್ಟಿ ಇಟ್ಟುಬಿಟ್ಟ. ಬಿಸಿ ರೊಟ್ಟಿ, ಬಿಸಿಲಲ್ಲಿ ಹುದುಗು ಬಂದಿದ್ದು. ಬಂದೋರಿಗೆ ಮೊದಲು ಊಟ, ಆಮೇಲೆ ಮಾತು ಅಂದ."

"ಊಟ ಆದ್ಮೇಲೆ ಬೈಬೇಕಿತ್ತಪ್ಪಾ!"

"ನಿಮ್ಮನೆ ಉಪ್ಪು ತಿಂದು ನಿಮ್ಮ ಮೊಮ್ಮಗನ್ನೇ ಬೈಯೋಕೆ ನಾನೇನು ನಾಯೀನಾ? ಅಂದಹಾಗೆ, ರೊಟ್ಟಿ ಜೊತೆ ಬಡಿಸಿದ ಆ ಪಾರಿವಾಳದ ಹೊಟ್ಟೇಲಿ ಗೋಧಿನುಚ್ಚಿನ ಜೊತೆ ಏನು ಹಾಕ್ತಾರಂತೆ, ಅಜ್ಜಿ ಹತ್ರ ಕೇಳಿ ಹೇಳಿ."

ಎರಡನೆಯವನು ಅಬು ಸಿನ್ನ. ಊಟದ ಹೊತ್ತು ತಪ್ಪಿಸಿ ಹೋಗೆಂದು ಹಾಜಿ ಎಚ್ಚರಿಸಿದ್ದರು. ಅವನು ನಡುಮಧ್ಯಾಹ್ನ ಮೀರಿದ ಮೇಲೆ ಹೋಗಿ, ಬೆಂಡೆಕಾಯಿ ಸಾರು ಕುಡಿದು, ಇನ್ನರ್ಧ ಮಡಕೆ ಕಟ್ಟಿಸಿಕೊಂಡು ಬಂದ.

ಹಾಜಿ ಕೊನೆಗೆ ಯಾರೂ ಮಾಡದ ಕೆಲಸ ಮಾಡಿದರು. ವಹ್ದಾನ್ ಮನೆಯ ದಿರ್ಗಾಮನ ಬಳಿಗೇ ಹೋದರು. ಉರುಸಿನಲ್ಲಿ ರಿಫಾಯಿಗೆ ಎದುರಾಗುವವನು ಅವನೇ. ಬೈಯಲು ಅವನಿಗೆ ಯಾರೂ ಒತ್ತಾಯ ಮಾಡಬೇಕಿರಲಿಲ್ಲ. ಕುಣಿಯುತ್ತ ಹೋದವನು ಸಂಜೆ ಕತ್ತೆಯ ಮೇಲೆ ಕೂತು ಬಂದ. ನಡೆಯಲು ಆಗುತ್ತಿರಲಿಲ್ಲ.

"ಏನಂದೆ ಅವನಿಗೆ?" ಹಾಜಿಯ ದನಿ ಸೋತಿತ್ತು.

"ಇನ್ನೊಂಚೂರು ಬಡಿಸು ಅಂದೆ."

ಉರುಸಿನ ದಿನ ಹಾಜಿ ಕಣದ ಅಂಚಿನಲ್ಲಿ ಕಣ್ಣು ಮುಚ್ಚಿ ನಿಂತರು. ಡೋಲು ಬಿತ್ತು. ರಿಫಾಯಿ ನಡುವೆ ಹೋಗಿ, ಕೋಲೆತ್ತಿ, ಆಕಳಿಸಿದ. ಡೋಲು ಎರಡನೆಯ ಸಲ ಬಿತ್ತು. ಯಾರೂ ಬರಲಿಲ್ಲ.

"ಲೋ ದಿರ್ಗಾಮ್, ಕಾಲು ಹೂತುಹೋಯ್ತೇನೋ?" ವಹ್ದಾನ್ ಮನೆಯ ಹಿರಿಯ ಗದರಿದ.

"ಆ ಮನೆ ಉಪ್ಪು ತಿಂದಿದೀನಿ ದೊಡ್ಡಪ್ಪ. ಆ ತಲೆಗೆ ನಾನು ಕೋಲು ತಾಗಿಸಲ್ಲ."

"ಹಸಬುಲ್ಲಾ, ನಮ್ಮ ಕಡೆಯಿಂದ ನೀನಾದ್ರೂ ಇಳಿಯೋ!"

ಹಸಬುಲ್ಲಾ ನೆಲ ನೋಡಿದ. ಅಬು ಸಿನ್ನ ಹೊಟ್ಟೆ ನೋಡಿಕೊಂಡ. ಸುತ್ತಲ ಊರುಗಳಲ್ಲಿ ಉರುಸಿನ ಕಣಕ್ಕೆ ಇಳಿಯಬಲ್ಲ ಗಟ್ಟಿಗರು ಅಷ್ಟೇ ಜನ. ಮೂರನೆಯ ಡೋಲು ಬಿತ್ತು. ಮೊದಲ ಕೋಲು ಹಾಜಿ ಮನೆಯಲ್ಲೇ ಉಳಿಯಿತು. ಗೆದ್ದವನು ಕೋಲನ್ನು ತಾತನ ಕೈಗಿಟ್ಟು, ಏನೋ ಸೀದುಹೋಗುತ್ತದೆಂಬಂತೆ ಮನೆ ಕಡೆ ಓಡಿದ.

ಹಾಜಿ ಅಳುತ್ತ, ನಗುತ್ತ ಹಿಂದೆಯೇ ಬಂದರು. ಮಾನ ಉಳಿಸಿದ್ದು ಯಾರೆಂದು ಅವರಿಗೆ ಈಗ ಸ್ಪಷ್ಟವಾಗಿತ್ತು. ಮದುವೆಯಾಗಿ ನಲವತ್ತೆಂಟು ವರ್ಷದಲ್ಲಿ ಮೊದಲ ಬಾರಿಗೆ ಹೆಂಡತಿಯನ್ನು ಹೊಗಳಲು ಹೊಸ್ತಿಲಲ್ಲಿ ನಿಂತು ಒಳಮನೆಗೆ ಕೂಗಿದರು.

"ಏ ಉಮ್ಮು ಫರ್ಗಲಿ! ನಿನ್ನ ಕೈ ಅಡುಗೇನೇ ಕಣೇ ಈ ಮನೆ ಮರ್ಯಾದೆ ಉಳಿಸಿದ್ದು!"

ಉತ್ತರ ಬೆನ್ನ ಹಿಂದಿನಿಂದ, ಬೀದಿಯಿಂದ ಬಂತು.

"ಕೂಗಾಟ ಆಮೇಲೆ, ಮೊದಲು ಈ ಗಂಟು ಇಳಿಸ್ರಿ ಹಾಜಿ. ಮಗಳ ಬಾಣಂತನ ಮುಗಿಸಿ ಕೆನಾ ಊರಿನ ಬಸ್ಸಿಂದ ಈಗ ಇಳೀತಾ ಇದೀನಿ. ಹೋಗೋವಾಗ ಮೂರು ಸಲ ಹೇಳ್ದೆ, ಮೂರು ಸಲಾನೂ ಹ್ಞೂಂ ಅಂದ್ರಿ."

ನಲವತ್ತು ದಿನದಿಂದ ಆ ಮನೆಯಲ್ಲಿ ಅಡುಗೆ ಮಾಡುತ್ತಿದ್ದವನು ರಿಫಾಯಿ.