ಒಂದೇ ಅಂಚು ಸವೆದ ಬೆಲ್ಟ್

ಯಲ್ಲಾಪುರದ ಹೆದ್ದಾರಿ ಬದಿಯಲ್ಲಿ ಫಕೀರಪ್ಪನ ಗ್ಯಾರೇಜು. ಮೂವತ್ತು ವರ್ಷದ ಅನುಭವ... ಅವನು ಹೇಳಿದ ಮೇಲೆ ಮುಗಿಯಿತು ಅನ್ನುವಷ್ಟು ಹೆಸರು.

ಅವತ್ತು ಮಧ್ಯಾಹ್ನ ಹುಬ್ಬಳ್ಳಿಯ ಕಾರೊಂದು ಬಂದು ನಿಂತಿತು. ಗಂಡ, ಹೆಂಡತಿ, ಎರಡು ವರ್ಷದ ಮಗು, ಜೊತೆಗೆ ಗಂಡನ ತಾಯಿ ನೀಲವ್ವ. ಗೋಕರ್ಣಕ್ಕೆ ಹೊರಟಿದ್ದರು. ಇಂಜಿನ್ನಿನಲ್ಲಿ ಕಿರ್ರ್ ಅನ್ನುವ ಸದ್ದು.

ಫಕೀರಪ್ಪ ಬಾನೆಟ್ ಎತ್ತಿ ಒಂದು ಕ್ಷಣ ಕಿವಿಗೊಟ್ಟ. "ಬೆಲ್ಟ್ ಹೋಗೈತ್ರಿ. ಹೊಸಾದು ಹಾಕ್ತೀನಿ."

ಪಕ್ಕದಲ್ಲಿ ನಿಂತಿದ್ದ ನೀಲವ್ವ ಬಗ್ಗಿ ನೋಡಿದರು. "ತಮ್ಮಾ, ಬೆಲ್ಟ್ ಅಲ್ಲೋ... ಕೆಳಗಿನ ಆ ದಪ್ಪ ಚಕ್ರನ ಅಳ್ಳಾಡಾಕತ್ತೈತಲ್ಲ."

ಅವರು ತೋರಿಸಿದ್ದು ಕ್ರ್ಯಾಂಕ್ ಪುಲ್ಲಿಯನ್ನು. ಇಂಜಿನ್ ತಿರುಗಿದಂತೆ ಬೆಲ್ಟನ್ನು ಎಳೆಯುವ ಚಕ್ರ ಅದು.

"ಸುಮ್ನಿರವ್ವಾ, ನಿನಗೇನ್ ತಿಳೀತೈತಿ" ಅಂದ ಮಗ. ಫಕೀರಪ್ಪನೂ ನಕ್ಕುಬಿಟ್ಟ. ಇನ್ನೂ ಎರಡು ಗಾಡಿ ಕಾಯುತ್ತಿದ್ದವು...

ಬೆಲ್ಟ್ ಬದಲಾಯಿತು. ಸದ್ದು ನಿಂತಿತು. ಕಾರು ಹೊರಟುಹೋಯಿತು.

ಹತ್ತು ನಿಮಿಷದ ನಂತರ ಫಕೀರಪ್ಪ ಹಳೆಯ ಬೆಲ್ಟನ್ನು ಎಸೆಯಲು ಕೈಗೆತ್ತಿಕೊಂಡ.

ಒಂದೇ ಅಂಚು ಸವೆದಿತ್ತು. ಇನ್ನೊಂದು ಅಂಚು ಹೊಸದರಂತೆ ಇತ್ತು. ಬೆರಳಿಗೆ ಕೆಂಪು ತುಕ್ಕಿನ ಪುಡಿ ಅಂಟಿತು.

ನೀಲವ್ವನ ಮಾತು ನೆನಪಾಯಿತು... ಬೆಲ್ಟ್ ತಾನಾಗಿ ಹಾಗೆ ಸವೆಯುವುದಿಲ್ಲ. ಚಕ್ರ ಸಡಿಲಗೊಂಡು ಓರೆಯಾಗಿ ತಿರುಗಿದರೆ ಮಾತ್ರ; ತುಕ್ಕಿನ ಪುಡಿಯೂ ಹಾಗೇ ಉದುರುತ್ತದೆ.

ಮುಂದೆ ಅರಬೈಲ್ ಘಾಟಿ. ಅಲ್ಲಿ ಪುಲ್ಲಿ ಕಳಚಿದರೆ ಬೆಲ್ಟ್ ಹಾರುತ್ತದೆ, ಅದರ ಬಲದಿಂದ ಹಗುರಾಗಿ ತಿರುಗುವ ಸ್ಟೇರಿಂಗ್ ಕಲ್ಲಿನಂತೆ ಬಿಗಿಯುತ್ತದೆ... ಅದೂ ತಿರುವಿನಲ್ಲಿ.

ಬಿಲ್ಲಿನಲ್ಲಿ ಬರೆದುಕೊಂಡಿದ್ದ ಅವರ ನಂಬರಿಗೆ ಫೋನ್ ಮಾಡಿದ. ವ್ಯಾಪ್ತಿ ಪ್ರದೇಶದ ಹೊರಗೆ... ಮತ್ತೆ ಮಾಡಿದ. ಅದೇ ದನಿ.

ಪಕ್ಕದ ಟೈರ್ ಅಂಗಡಿಯವನು ವಿಷಯ ಕೇಳಿ ಮೆಲ್ಲಗೆ ಹೇಳಿದ, "ಸುಮ್ನೆ ಕೂತ್ಕೋ ಮಾರಾಯಾ. ಏನಾದ್ರೂ ಆದ್ರೆ ನಿನ್ನ ಕೆಲಸ ಅಂತ ಯಾರಿಗೆ ಗೊತ್ತಾಗ್ತದೆ? ಹೋಗಿ ಹೇಳಿದ್ರೆ ಎಲ್ಲಾ ನಿನ್ನ ತಲೆಗೇ."

ಫಕೀರಪ್ಪ ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡ. ಬೈಕ್ ಹತ್ತಿದ.

ಘಾಟಿಯ ಒಂದೊಂದು ತಿರುವಿನಲ್ಲೂ ಅವನ ಕಣ್ಣು ರಸ್ತೆಗಿಂತ ಹೆಚ್ಚಾಗಿ ಪ್ರಪಾತದ ಕಡೆಗೇ ಹೋಗುತ್ತಿತ್ತು. ತಡೆಗೋಡೆ ಎಲ್ಲಾದರೂ ಒಡೆದಿದೆಯಾ...

ಐದನೇ ತಿರುವು ದಾಟಿದ. ದೂರದಲ್ಲಿ ಜನ ನಿಂತಿದ್ದರು.

ಅದೇ ಕಾರು... ಬಾಗಿಲು ತೆರೆದಿತ್ತು. ತಾಯಿಯ ಹೆಗಲ ಮೇಲೆ ಮಗು ಜೋತುಬಿದ್ದಿತ್ತು.

ಫಕೀರಪ್ಪನಿಗೆ ಬೈಕ್ ನಿಲ್ಲಿಸಿದ್ದೂ ಗೊತ್ತಾಗಲಿಲ್ಲ. "ಮಗು... ಮಗೂಗ ಏನಾತ್ರಿ?"

"ವಾಂತಿ ಮಾಡ್ಕೊಂಡೈತಿ, ಅದಕ್ಕ ನಿಂತೀವಿ" ಅಂದಳು ತಾಯಿ, ಗಾಬರಿಯಿಂದ ಅವನನ್ನೇ ನೋಡುತ್ತಾ. "ನೀವ್ಯಾಕ ಇಲ್ಲಿ?"

ಫಕೀರಪ್ಪ ನೇರ ಹೋಗಿ ಬಾನೆಟ್ ಎತ್ತಿದ. ಇಂಜಿನ್ ಶುರು ಮಾಡಿಸಿ, ಸ್ಕ್ರೂಡ್ರೈವರ್ ತುದಿಯನ್ನು ಪುಲ್ಲಿಗೆ ಕೂದಲೆಳೆಯಷ್ಟು ಹತ್ತಿರ ಹಿಡಿದ. ನೆಟ್ಟಗೆ ತಿರುಗುವ ಚಕ್ರ ಅದಕ್ಕೆ ತಾಗಬಾರದು.

ಟಕ್... ಟಕ್... ಟಕ್... ಒಂದೊಂದು ಸುತ್ತಿಗೂ ತಾಗಿತು.

ಇಂಜಿನ್ ಆಫ್ ಮಾಡಿಸಿ ಚಕ್ರವನ್ನು ಹಿಡಿದು ಅಲುಗಿಸಿದ. ಅಲುಗಿತು. ನಡುವಿನ ಬೋಲ್ಟ್ ಅರ್ಧ ಬಿಚ್ಚಿಕೊಂಡಿತ್ತು.

ನೀಲವ್ವನ ಮಗನ ಮುಖ ಬಿಳಿಚಿಕೊಂಡಿತು. ಕೆಳಗಿನ ಕಣಿವೆಯನ್ನೊಮ್ಮೆ ನೋಡಿದ. "ಇದನ್ನ ಅಲ್ಲೇ ಯಾಕ ಹೇಳಲಿಲ್ರೀ ನೀವು?"

ಫಕೀರಪ್ಪ ತಲೆ ತಗ್ಗಿಸಿದ. "ನಿಮ್ಮ ತಾಯಿ ಹೇಳಿದ್ರು. ನಾ ಕೇಳಲಿಲ್ಲ."

ಆಮೇಲೆ ತಡೆಗೋಡೆಯ ಮೇಲೆ ಕುಳಿತಿದ್ದ ನೀಲವ್ವನ ಮುಂದೆ ಹೋಗಿ ಕೈಮುಗಿದ. "ಅವ್ವಾ, ನೀವು ಅಂದಿದ್ದು ಖರೇ ಇತ್ತು. ತಪ್ಪು ನಂದು."

ಬೈಗುಳಕ್ಕೆ ಸಿದ್ಧನಾಗಿ ನಿಂತಿದ್ದ ಅವನು... ಆದರೆ ನೀಲವ್ವ ಸೆರಗಿನಿಂದ ಕಣ್ಣು ಒತ್ತಿಕೊಂಡರು.

"ನಲವತ್ತು ವರ್ಷ ಹೊಲಿಗಿ ಮಷಿನ್ ತುಳಿದೀನಪ್ಪಾ, ಈ ನನ್ನ ಮಗನ್ನ ಓದಸಾಕ. ಚಕ್ರ ಅಳ್ಳಾಡಿದ್ರ ನನಗ ತಿಳೀತೈತಿ... ಆದ್ರ 'ನೀ ಹೇಳಿದ್ದು ಖರೇ' ಅಂತ ಇವತ್ತಿನ ತನಕಾ ಯಾರೂ ನನಗ ಅಂದಿರಲಿಲ್ಲ."

ಮಗ ಅಲ್ಲೇ ನಿಂತಿದ್ದ. ತಾಯಿಯ ಪಕ್ಕ ತಡೆಗೋಡೆಯ ಮೇಲೆ ಕುಳಿತು ಅವರ ಕೈ ಹಿಡಿದುಕೊಂಡ... ಲಾರಿಯವನೊಬ್ಬನ ಕೈಲಿ ಫಕೀರಪ್ಪ ಹೇಳಿಕಳಿಸಿದ, ಕಾರು ಎಳೆಯುವ ಗಾಡಿ ಬರುವ ತನಕ ಬಿಡಲಿಲ್ಲ.

*ಅನುಭವ ದೊಡ್ಡದೇ... ಆದರೆ ಇನ್ನೊಬ್ಬರ ಮಾತಿಗೆ ಕಿವಿ ಮುಚ್ಚಿದ ದಿನ ಅದೇ ಅಪಾಯ.*

ನಿಮ್ಮ ಮನೆಯಲ್ಲಿ "ನಿನಗೇನು ಗೊತ್ತು" ಅನ್ನಿಸಿಕೊಂಡು ಸುಮ್ಮನಾದವರು ಯಾರು? ಅವರು ಏನು ಹೇಳಲು ಬಂದಿದ್ದರು ಅಂತ ಇವತ್ತು ಕೇಳುತ್ತೀರಾ?